ನಾನು ಪಾಸು ಮಾಡಿದ ಹದಿನಾಲ್ಕು ಮಂದಿ

ಇವತ್ತು ನನಗೆ ಉಪವಾಸ. ಬೆಳಗ್ಗೆ ಐದಕ್ಕೆ ಎದ್ದು ನೀರು ತುಂಬಿ, ಬಟ್ಟೆ ಒಗೆದು ಹರವಿ, ಮಾವನವರಿಗೆ ಮಾತ್ರೆ ಕೊಟ್ಟು, ದೇವರಿಗೆ ಕೈಮುಗಿದು ಬಂದಿದ್ದೇನೆ. ಆದ್ದರಿಂದ ಧ್ವನಿ ಸ್ವಲ್ಪ ಇಳಿದಿದ್ದರೆ ಅದು ಹಸಿವು, ವಿನಯ ಅಲ್ಲ. ವೇದಿಕೆಯ ಮೇಲಿರುವ ಅಧ್ಯಕ್ಷರೇ, ನಮ್ಮ ರಜಾಯಿ ಕಾರ್ಖಾನೆಯ ಯಜಮಾನರೇ, ಅಂಗಳದಲ್ಲಿ ನಿಂತಿರುವ ತಪಾಸಣೆ ಬಸ್ಸಿನ ಜೊತೆ ಬಂದಿರುವ ಡಾಕ್ಟರಮ್ಮನವರೇ, ಹೊಲಿಗೆ ವಿಭಾಗದ ಅಕ್ಕತಂಗಿಯರೇ, ಬಾಗಿಲ ಹತ್ತಿರವೇ ಜಾಗ ಹಿಡಿದಿರುವ ಅಣ್ಣತಮ್ಮಂದಿರೇ, ಎಲ್ಲ ಸಭಿಕರೇ.

ಇಪ್ಪತ್ತೆಂಟು ವರ್ಷ ಒಂದೇ ಮೇಜಿನ ಮುಂದೆ ನಿಂತವಳು ಎಂದು ನನಗೆ ಗೋಡೆ ಗಡಿಯಾರ ಕೊಟ್ಟಿರಿ. ಸಂತೋಷ. ಯಜಮಾನರು ನಿನ್ನೆ ಕರೆದು ಹೇಳಿದರು, ‘ಐದು ನಿಮಿಷ ಮಾತಾಡಿ. ಸ್ತನ ತಪಾಸಣೆ ಬಗ್ಗೆನೂ ಎರಡು ಮಾತು ಸೇರಿಸಿ. ನೀವು ಹೇಳಿದ್ರೆ ಹೆಂಗಸರು ಕೇಳ್ತಾರೆ.’ ಕೇಳುತ್ತಾರೆ. ಅದೇ ನನ್ನ ಭಯ.

ಹತ್ತು ದಿನದ ಹಿಂದೆ ಆಸ್ಪತ್ರೆಯಿಂದ ನನಗೊಂದು ಕಾಗದ ಬಂತು. ಎಡಗಡೆಯ ಸ್ತನದ ಚಿತ್ರದಲ್ಲಿ ಏನೋ ಕಾಣುತ್ತಿದೆ, ಇನ್ನೊಮ್ಮೆ ಬಂದು ತೋರಿಸಿ ಎಂದು. ಇದನ್ನು ಹೇಳಬೇಕೆಂದು ಇಲ್ಲಿಗೆ ಬಂದವಳಲ್ಲ. ಬಾಯಿಗೆ ಬಂದುಬಿಟ್ಟಿತು. ಇರಲಿ.

ನನ್ನ ಕೆಲಸ ನಿಮಗೆ ಗೊತ್ತು. ಹೊಲಿದು ಬಂದ ರಜಾಯಿಯನ್ನು ಮೇಜಿನ ಮೇಲೆ ಹರಡಿ, ಕಣ್ಣು ಮುಚ್ಚಿ ಬೆರಳಾಡಿಸುವುದು. ಹತ್ತಿ ಎಲ್ಲಿ ಗಂಟುಕಟ್ಟಿದೆ, ಎಲ್ಲಿ ತೆಳುವಾಗಿದೆ, ಬೆರಳೇ ಹೇಳುತ್ತದೆ. ಸರಿಯಿದ್ದರೆ ಮೂಲೆಯಲ್ಲಿ ಸೀಮೆಸುಣ್ಣದ ಒಂದು ಗೆರೆ, ಪಾಸು. ಅದಕ್ಕೇ ನನ್ನನ್ನು ಬೆರಳಕ್ಕ ಎನ್ನುತ್ತೀರಿ. ಹೊಗಳಿಕೆ ಯಾರಿಗೆ ಬೇಡ? ನನಗೂ ಬೇಕಿತ್ತು. ಸ್ವಲ್ಪ ಜಾಸ್ತಿಯೇ ಬೇಕಿತ್ತು.

ಎರಡು ವರ್ಷದ ಹಿಂದೆ ಇದೇ ಬಸ್ಸು ಬಂದಾಗ ನಮ್ಮನ್ನು ನಾವೇ ನೋಡಿಕೊಳ್ಳುವುದು ಹೇಗೆಂದು ನರ್ಸಮ್ಮ ನಮಗೆಲ್ಲ ಹೇಳಿಕೊಟ್ಟರು. ತಿಂಗಳಿಗೊಮ್ಮೆ, ಮುಟ್ಟು ಮುಗಿದ ಕೆಲವು ದಿನಕ್ಕೆ. ಮುಟ್ಟೇ ನಿಂತವರು ಯಾವುದಾದರೂ ಒಂದು ತಾರೀಕು ಇಟ್ಟುಕೊಳ್ಳಿ. ಮೊದಲು ಕನ್ನಡಿ ಮುಂದೆ ತೋಳೆತ್ತಿ ನೋಡಿ. ಆಮೇಲೆ ಮೂರು ಬೆರಳು ಚಪ್ಪಟೆಯಾಗಿ ಇಟ್ಟು ಸುತ್ತಲೂ ಒತ್ತಿ, ಕಂಕುಳವನ್ನೂ ಬಿಡಬೇಡಿ. ಇಷ್ಟು ಮಾಡಿದರೂ ವಯಸ್ಸಾದವರು ಬಸ್ಸಿಗೆ ಹತ್ತಿ ಚಿತ್ರ ತೆಗೆಸಲೇಬೇಕು, ಬೆರಳಿಗೆ ಸಿಗದ್ದು ಅದರಲ್ಲಿ ಸಿಗುತ್ತದೆ ಎಂದರು. ಬೆರಳಿಗೆ ಸಿಗದ್ದೆ? ನನಗೆ ನಗು ಬಂತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದೆ. ಪಕ್ಕದವರೂ ನಕ್ಕರು.

ಆಮೇಲೆ ಏನಾಯಿತು? ನಾಚಿಕೆ ನಮ್ಮ ಹೆಂಗಸರಿಗೆ ಹುಟ್ಟಿನಿಂದ ಬಂದದ್ದು. ಊಟದ ಹೊತ್ತಿನಲ್ಲಿ ಒಬ್ಬೊಬ್ಬರಾಗಿ ನನ್ನ ಹತ್ತಿರ ಬಂದರು. ‘ಬೆರಳಕ್ಕ, ನೀವೇ ನೋಡ್ಬಿಡಿ. ಅಲ್ಲಿ ಯಾರ್ಯಾರೋ ಇರ್ತಾರೆ.’ ಉಗ್ರಾಣದಲ್ಲಿ ಹತ್ತಿ ಮೂಟೆಗಳ ಹಿಂದೆ ನಾನು ನೋಡಿದೆ. ‘ಪಾಸಾ ಅಕ್ಕ? ಹಾಗಾದ್ರೆ ಸೀಮೆಸುಣ್ಣ ಎಳೀರಿ’ ಎಂದು ಒಬ್ಬಳು ಬೆನ್ನು ತೋರಿಸಿದಳು. ಎಳೆದೆ. ಹಾಗೆ ಹದಿನಾಲ್ಕು ಮಂದಿ. ಹದಿನಾಲ್ಕು ಮಂದಿಯೂ ಬಸ್ಸು ಹತ್ತದೆ ಮನೆಗೆ ಹೋದರು. ಡಾಕ್ಟರಮ್ಮ, ಅವತ್ತು ನಿಮ್ಮ ಬಸ್ಸು ಯಾಕೆ ಖಾಲಿ ಹೋಯಿತು ಎಂದು ನಿಮಗೆ ಇವತ್ತು ಗೊತ್ತಾಯಿತು.

ಆ ಹದಿನಾಲ್ವರಲ್ಲಿ ಕೊನೆಯವಳು ನನ್ನ ನಾದಿನಿ. ಎರಡನೇ ಸಾಲಿನಲ್ಲಿ ಉಣ್ಣೆ ಟೊಪ್ಪಿ ಹಾಕಿ ಕೂತಿದ್ದಾಳಲ್ಲ, ಅವಳೇ. ‘ಅತ್ತಿಗೆ, ಗಂಟೇನೂ ಸಿಗ್ತಿಲ್ಲ. ಆದ್ರೆ ತೋಳೆತ್ತಿದ್ರೆ ಇಲ್ಲಿ ಚರ್ಮ ಒಳಗೆ ಎಳೆದ ಹಾಗಾಗುತ್ತೆ’ ಎಂದಳು. ನಾನು ಕಣ್ಣು ಮುಚ್ಚಿ ಬೆರಳಾಡಿಸಿದೆ. ಕಣ್ಣು ಮುಚ್ಚಿ. ಅವಳು ಹೇಳಿದ್ದು ನೋಡು ಎಂದು. ನಾನು ನೋಡಲೇ ಇಲ್ಲ. ‘ಏನಿಲ್ಲ ಕಣೆ, ಬ್ಲೌಸ್ ಬಿಗಿಯಾಗಿದೆ. ಊರಿಗೆಲ್ಲ ಹೊಲೀತೀಯ, ನಿಂದು ಹೊಲ್ಕೊಳ್ಳೋಕೆ ಬರಲ್ವಾ?’ ಎಂದೆ. ಅವಳು ನಕ್ಕು ತನ್ನ ಮಿಷನ್ನಿಗೆ ಹೋದಳು.

ಏಳು ತಿಂಗಳು. ಏಳು ತಿಂಗಳಾದ ಮೇಲೆ ಡಾಕ್ಟರರ ಹತ್ತಿರ ಹೋಗುವ ಹೊತ್ತಿಗೆ ಕಾಯಿಲೆ ಕಂಕುಳಿಗೆ ಹಬ್ಬಿತ್ತು. ಆಪರೇಷನ್ ಆಯಿತು, ಔಷಧಿ ಆಯಿತು, ಮೊಣಕಾಲುದ್ದದ ಕೂದಲು ಹೋಯಿತು. ಅವಳು ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಕಳೆದ ತಿಂಗಳು ತನ್ನ ಚೆಕಪ್ಪಿಗೆ ಹೋಗುವಾಗ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ‘ಎಲ್ಲರ್ನೂ ಪಾಸು ಮಾಡಿದ್ರಿ. ನಿಮ್ಮನ್ನ ಯಾರು ಪಾಸು ಮಾಡಿದ್ದು ಅತ್ತಿಗೆ?’ ಎಂದಳು. ಚಿತ್ರ ತೆಗೆಯುವ ಆ ಯಂತ್ರ ಎರಡು ಹಲಗೆ ನಡುವೆ ಒತ್ತುತ್ತದೆ, ನಾವು ರಜಾಯಿ ಕಟ್ಟು ಒತ್ತಿದ ಹಾಗೆ. ನೋವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಹತ್ತು ಎಣಿಸುವುದರೊಳಗೆ ಬಿಟ್ಟಿತು.

ಆಮೇಲೆ ಈ ಕಾಗದ. ಬಂದಾಗಿನಿಂದ ಬಚ್ಚಲಲ್ಲಿ ದಿನಕ್ಕೆ ಮೂರು ಸಲ ಬೆರಳಾಡಿಸಿದ್ದೇನೆ. ಏನೂ ಸಿಗುವುದಿಲ್ಲ. ಇಪ್ಪತ್ತೆಂಟು ವರ್ಷದ ಬೆರಳು ಇಲ್ಲ ಎನ್ನುತ್ತದೆ, ಒಂದು ಹಾಳೆ ಇದೆ ಎನ್ನುತ್ತದೆ. ಯಾವುದನ್ನು ನಂಬಲಿ? ಹೀಗೆ ಕರೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಇರುವುದಿಲ್ಲ ಎಂದು ಡಾಕ್ಟರಮ್ಮ ಈಗತಾನೇ ಹೇಳಿದರು. ಕೇಳಿಸಿತು. ಎದೆಗೆ ಇನ್ನೂ ಇಳಿದಿಲ್ಲ. ದೇವರಿದ್ದಾನೆ, ನೋಡಿಕೊಳ್ಳುತ್ತಾನೆ ಎಂದು ಹತ್ತು ದಿನ ಕಳೆದೆ. ಮಾವನವರ ಮಾತ್ರೆಯನ್ನು ಮಾತ್ರ ಒಂದು ದಿನವೂ ದೇವರಿಗೆ ಬಿಡಲಿಲ್ಲ.

ನಮ್ಮಲ್ಲಿ ಒಂದು ನಿಯಮವಿದೆ. ಪಾಸಾಗಿ ಹೋದ ಒಂದು ರಜಾಯಿ ಕೆಟ್ಟು ವಾಪಸ್ ಬಂದರೆ, ಅದರ ಜೊತೆ ಹೋದ ಆ ಲಾಟಿನ ಎಲ್ಲವನ್ನೂ ಮತ್ತೆ ಮೇಜಿಗೆ ತರಿಸುತ್ತೇವೆ. ಒಂದನ್ನೂ ಬಿಡುವುದಿಲ್ಲ. ನನ್ನ ಲಾಟಿನಲ್ಲಿ ಹದಿನಾಲ್ಕು ಮಂದಿ. ಒಬ್ಬಳು ವಾಪಸ್ ಬಂದಿದ್ದಾಳೆ. ಉಳಿದ ಹದಿಮೂರು ಮಂದಿಯ ಹೆಸರು ಹೇಳುವುದಿಲ್ಲ, ನಿಮಗೇ ಗೊತ್ತು. ನಾನು ಎಳೆದ ಗೆರೆಯನ್ನು ಎಲ್ಲರ ಎದುರು ಅಳಿಸುತ್ತಿದ್ದೇನೆ. ತಿಂಗಳಿಗೊಮ್ಮೆ ನಿಮ್ಮನ್ನು ನೀವೇ ನೋಡಿಕೊಳ್ಳಿ, ಕಣ್ಣು ಬಿಟ್ಟು ನೋಡಿಕೊಳ್ಳಿ. ಏನಾದರೂ ಬದಲಾಗಿದ್ದರೆ ನನ್ನ ಹತ್ತಿರ ಬರಬೇಡಿ, ಡಾಕ್ಟರಮ್ಮನ ಹತ್ತಿರ ಹೋಗಿ. ಏನೂ ಬದಲಾಗದಿದ್ದರೂ ಇವತ್ತು ಬಸ್ಸು ಹತ್ತಿ. ಅಣ್ಣತಮ್ಮಂದಿರೇ, ತಲೆ ತಗ್ಗಿಸಿ ಚಪ್ಪಲಿ ನೋಡಿದ್ದು ಸಾಕು. ಮನೆಗೆ ಹೋಗಿ ಹೆಂಡತಿಗೆ, ಅಕ್ಕನಿಗೆ ಹೇಳಿ.

ಗಡಿಯಾರಕ್ಕೆ, ಇಷ್ಟು ಹೊತ್ತು ಕೇಳಿದ್ದಕ್ಕೆ, ಬೈಯದಿದ್ದಕ್ಕೆ ನಿಮಗೆಲ್ಲ ನನ್ನ ಕೃತಜ್ಞತೆ. ನಮಸ್ಕಾರ.

ಚಪ್ಪಾಳೆ ಬೇಡ, ಸ್ವಲ್ಪ ಇರಿ. ಆ ಕಾಗದದ ಕೆಳಗೆ ಹರಿದು ಕಳಿಸುವ ಒಂದು ಚೀಟಿ ಇತ್ತು, ‘ಬರುತ್ತೇನೆ’, ‘ಬರುವುದಿಲ್ಲ’ ಎಂದು. ಬೆಳಗ್ಗೆ ಅದರಲ್ಲಿ ‘ಬರುವುದಿಲ್ಲ’ ಎಂಬುದಕ್ಕೆ ಗುರುತು ಹಾಕಿ, ಲಕೋಟೆಗೆ ಹಾಕಿ, ಬಸ್ಸಿನವರು ಆಸ್ಪತ್ರೆಗೆ ಒಯ್ಯಲಿ ಎಂದು ಆಫೀಸಿನ ಮೇಜಿನ ಮೇಲೆ ಇಟ್ಟು ಇಲ್ಲಿಗೆ ಬಂದೆ. ನಾದಿನಿ, ನೀನು ಏಳಬೇಡ, ಕೂತ್ಕೋ. ಗುಮಾಸ್ತರೇ, ನೀವು ಬಾಗಿಲ ಹತ್ತಿರವೇ ಇದ್ದೀರಿ. ನನ್ನ ಆ ಉತ್ತರವನ್ನು ಸ್ವಲ್ಪ ತಂದುಕೊಡಿ. ಬರುವಾಗ ಒಂದು ಪೆನ್ನೂ ತನ್ನಿ.