ತೇಪೆ ಸಿದ್ಧವಾಗುವ ತನಕ

ಅಯ್ಯೋ, ಅದನ್ನ ಮತ್ತೆ ಅಂಟಿಸಬೇಡ ಅಕ್ಕ! ಕೊಡಿಲ್ಲಿ. ಕೊಡು ಅಂದ್ರೆ ಕೊಡು... ದೇವರೇ, ಕಂಪ್ಯೂಟರ್ ಪರದೆಗೆ ಗಾಯದ ಪಟ್ಟಿ! ಯಾಕೆ ನಗ್ತೀಯ? ಬಸ್ಸಲ್ಲಿ ಒಂಟಿಕಾಲಲ್ಲಿ ನಿಂತ್ಕೊಂಡು ಬಂದಿದೀನಿ, ಹೊಟ್ಟೆಗೆ ಏನೂ ಬಿದ್ದಿಲ್ಲ, ಬೆನ್ನಲ್ಲಿ ಬೆವರು ಇಳೀತಿದೆ. ನಿನಗೆ ನಗು.

ಈ ಪಟ್ಟಿ ಕೆಳಗೆ ಏನು ಬರೆದಿದೆ ಅಂತ ಒಂದು ಸಲವಾದ್ರೂ ಓದಿದೀಯಾ? 'ಹೊಸ ಆವೃತ್ತಿ ಸಿದ್ಧವಾಗಿದೆ, ದಯವಿಟ್ಟು ಈಗಲೇ ಹಾಕಿಕೊಳ್ಳಿ.' ಆ ವಾಕ್ಯ ಬರೆದವನು ನಾನು. ನಿನ್ನ ಸ್ವಂತ ತಮ್ಮ. 'ದಯವಿಟ್ಟು' ಇರಲೇಬೇಕು ಅಂತ, ನನ್ನ ಜೊತೆ ಈ ಮೇಲ್ ಪ್ರೋಗ್ರಾಂ ಮಾಡೋ ಮೇಷ್ಟ್ರ ಹತ್ರ ಒಂದು ದಿನ ಪೂರ್ತಿ ಜಗಳ ಆಡಿ ಹಾಕಿಸಿದ್ದು. ಊರವರೆಲ್ಲ ಅದನ್ನ ಓದಿ ಗುಂಡಿ ಒತ್ತುತಾರೆ, ನಮ್ಮಕ್ಕ ಮಾತ್ರ ಅದರ ಮೇಲೆ ಔಷಧದ ಡಬ್ಬಿಯಿಂದ ಪಟ್ಟಿ ತೆಗೆದು ಅಂಟಿಸ್ತಾಳೆ!

ಗೊತ್ತು, ಗೊತ್ತು. ಹೋದ ವರ್ಷ ಹಾಕಿಕೊಂಡಾಗ ಗುಂಡಿಗಳೆಲ್ಲ ಜಾಗ ಬದಲಾದವು, ನೀನು ಅರ್ಧ ಬರೆದಿಟ್ಟಿದ್ದು ಮಾಯವಾಯ್ತು. ಆವತ್ತು ನೀನು ಬೈದಿದ್ದು ಇನ್ನೂ ಕಿವಿಯಲ್ಲಿದೆ. 'ನಿಮ್ಮ ಪ್ರೋಗ್ರಾಂ ಸಹವಾಸ ಸಾಕು, ಇದ್ದದ್ದು ಇದ್ದ ಹಾಗೆ ಇರಲಿ' ಅಂದೆ. ಆದ್ರೆ ಇದು ಹಾಗಲ್ಲ ಅಕ್ಕ. ಇದರಲ್ಲಿ ಹೊಸ ಬಣ್ಣ ಇಲ್ಲ, ಹೊಸ ಗುಂಡಿ ಇಲ್ಲ. ಇದು ಬರೀ ತೇಪೆ. ತೂತು ಬಿದ್ದಿದೆ, ತೇಪೆ ಹಾಕಿದೀವಿ, ಅಷ್ಟೇ.

ಯಾವ ತೂತಾ? ಕೇಳು... ಆ ಬಟ್ಟೆ ಮಡಚೋದು ಸ್ವಲ್ಪ ನಿಲ್ಸು. ಯಾರೋ ದಾನ ಕೊಟ್ಟ ಅಂಗಿ ಎಲ್ಲೂ ಓಡಿಹೋಗಲ್ಲ. ಕೇಳು. ಒಂದು ಚಿತ್ರ. ಹೂವಿನ ಚಿತ್ರ ಅಂದ್ಕೋ. ಮೇಲ್ ಜೊತೆ ಬರುತ್ತೆ. ನೀನು ಅದನ್ನ ತೆರೆಯೋದೇ ಬೇಡ. ಬಂದ ಮೇಲ್‌ಗಳ ಸಾಲಲ್ಲಿ ಕೂತ್ರೆ ಸಾಕು. ನಮ್ಮ ಪ್ರೋಗ್ರಾಂ ತಾನಾಗೇ ಅದನ್ನ ಉಗುರಿನಷ್ಟು ಚಿಕ್ಕದಾಗಿ ತೋರಿಸೋಕೆ ಹೋಗುತ್ತೆ, ಅಲ್ಲೇ ಎಡವಿಬೀಳುತ್ತೆ. ಎಡವಿದ ತಕ್ಷಣ ಕಳಿಸಿದವನು ಒಳಗೆ. ನಿನ್ನ ಮೇಲ್‌ಗಳನ್ನೆಲ್ಲ ಓದ್ತಾನೆ, ನೀನು ಇಲ್ಲೇ ಎದುರಿಗೆ ಕೂತು ಅಂಗಿ ಮಡಚ್ತಾ ಇರ್ತೀಯ!

ಹಾಗೆ ನೋಡ್ಬೇಡ, ಸೋಮವಾರವೇ ಮುಚ್ಚಿದೀವಿ. ಆದ್ರೆ ಮುಚ್ಚಿದ್ದೇ ಈಗ ತಲೆನೋವು. ನಮ್ಮದು ತೆರೆದ ಪ್ರೋಗ್ರಾಂ ಅಲ್ವಾ, ಯಾರು ಬೇಕಾದ್ರೂ ಒಳಗೆ ಇಣುಕಬಹುದು. ಒಳ್ಳೆಯವರೂ ನೋಡ್ತಾರೆ, ಕಳ್ಳರೂ ನೋಡ್ತಾರೆ. 'ಓಹೋ, ಇಲ್ಲಿ ತೇಪೆ ಹಾಕಿದಾರೆ, ಅಂದ್ರೆ ತೂತು ಇಲ್ಲೇ ಇತ್ತು' ಅಂತ ಅವರಿಗೂ ಗೊತ್ತಾಗುತ್ತೆ. ಆಮೇಲೆ ಹಾಕಿಕೊಳ್ಳದವರ ಮನೆ ಹುಡುಕ್ಕೊಂಡು ಹೊರಡ್ತಾರೆ. ಅದಕ್ಕೇ ಸೋಮವಾರದಿಂದ ಬಾಯಿ ಬಡ್ಕೋತಾ ಇದೀವಿ, ಹಾಕಿಕೊಳ್ರಪ್ಪಾ, ಹಾಕಿಕೊಳ್ರಮ್ಮಾ... ಬಾಯಿ ಬಡ್ಕೊಳ್ಳೋಕೆ ಇರೋರು ಎಷ್ಟು ಜನ? ಮೂರು ಜನ! ಮೇಷ್ಟ್ರು ಪಾಪ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಕಣ್ಣಿಗೆ ಪೊರೆ ಬಂದಿದೆ, ಅಕ್ಷರ ಇಷ್ಟಿಷ್ಟು ದಪ್ಪ ಮಾಡ್ಕೊಂಡು ಕೆಲಸ ಮಾಡ್ತಾರೆ. ಇನ್ನೊಬ್ಬರು ಗೂಬೆ ಅಂತ ಹೆಸರಿಟ್ಕೊಂಡಿದಾರೆ, ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ ನಮಗೆ. ಮತ್ತೆ ನಾನು. ಹಗಲು ಹೊಟ್ಟೆಪಾಡು, ಉಳಿದ ಹೊತ್ತು ಇದು. ಲಕ್ಷಾಂತರ ಜನರ ಬಾಗಿಲು ಕಾಯೋರು ನಾವು ಮೂರೇ ಜನ.

ನೀನು ಫೋನ್ ಎತ್ತಲಿಲ್ಲ. ಎತ್ತಿದಾಗ 'ಆಮೇಲೆ ಮಾಡ್ತೀನಿ ಪುಟ್ಟ' ಅಂದೆ. ಬೇರೆ ಯಾರಾದ್ರೂ ಆಗಿದ್ರೆ ಹಾಳಾಗಿ ಹೋಗ್ಲಿ ಅಂತಿದ್ದೆ. ಆದ್ರೆ ಈ ಮನೆ! ಹೊರಗಡೆ ಇನ್ನೂ ಯಾವುದೋ ಕಾಲದ ಹಲ್ಲಿನ ಡಾಕ್ಟರ್ ಬೋರ್ಡ್ ನೇತಾಡ್ತಿದೆ, ಯಾರಿಗೂ ಅನುಮಾನ ಬರಬಾರದು ಅಂತ. ಗಂಡಂದಿರ ಹೊಡೆತ ತಿಂದು ಓಡಿಬಂದವರು ಮೇಲಿನ ಕೋಣೆಗಳಲ್ಲಿದಾರೆ. ಅವರು ಎಲ್ಲಿದಾರೆ ಅನ್ನೋದೇ ಅವರ ಜೀವ. ಆ ಗುಟ್ಟೆಲ್ಲ ಎಲ್ಲಿದೆ? ಈ ಪೆಟ್ಟಿಗೆಯಲ್ಲಿ. ನೀನು ವಕೀಲರಿಗೆ ಬರೆಯೋದು, ಶಾಲೆಗೆ ಬರೆಯೋದು, ಪೊಲೀಸರಿಗೆ ಬರೆಯೋದು... ನಿನ್ನ ಕಾಲಿಗೆ ಬೀಳ್ತೀನಿ ಅಕ್ಕ, ಆ ಮೌಸ್ ಕೊಡು.

ಹಾಂ. ಅಷ್ಟೇ. ಒತ್ತಿದೆ. ನೋವಾಯ್ತಾ? ಇಲ್ಲ ತಾನೇ!

ನೀಲಿ ಗೆರೆ ಓಡ್ತಿದೆ ನೋಡು. ಈಗ ಮುಚ್ಚಿ ತೆರೆಯುತ್ತೆ... ತೆರೀತು. ಗುಂಡಿಗಳು ಇದ್ದಲ್ಲೇ ಇವೆಯಾ? ಇವೆ. ಬರೆದಿಟ್ಟಿದ್ದು? ಇದೆ. ಇನ್ನೇನು ಬೇಕು ನಿನಗೆ. ತಡಿ, ಹೊಸದು ಹಾಕಿದ ಮೇಲೆ ಒಳಗೆ ಒಂದು ಸುತ್ತು ನೋಡ್ಬಿಡಬೇಕು, ಅಭ್ಯಾಸ ನನಗೆ. ಇದು ಸರಿ... ಇದೂ ಸರಿ... ಇದು...

...

ಅಕ್ಕ, ಕುಡಿಯೋಕೆ ಸ್ವಲ್ಪ ನೀರು ತರ್ತೀಯಾ?

ಏನಿಲ್ಲ. ಬಾಯಿ ಒಣಗಿದೆ ಅಷ್ಟೇ. ಹೋಗು, ಒಳಗೆ ಹೋಗಿ ತಗೊಂಬಾ. ಟೀ ಆದ್ರೂ ಮಾಡು. ನಿಧಾನವಾಗಿ ಮಾಡು... ಯಾಕೆ ನಿಂತೇ ಇದೀಯ? ನನ್ನ ಮುಖಕ್ಕೇನಾಗಿದೆ? ಏನೂ ಆಗಿಲ್ಲ!

ಸುಮ್ನೆ ಒಂದು ಕೇಳ್ತೀನಿ, ಗಾಬರಿ ಆಗ್ಬೇಡ. ಇಲ್ಲಿಗೆ ಬರೋ ಮೇಲ್, ಇಲ್ಲಿಂದ ಹೋಗೋ ಮೇಲ್, ಎಲ್ಲದರ ಒಂದೊಂದು ಪ್ರತಿ ಇನ್ನೊಂದು ವಿಳಾಸಕ್ಕೂ ಹೋಗ್ಲಿ ಅಂತ ಯಾರಾದ್ರೂ ಏರ್ಪಾಡು ಮಾಡಿದ್ರಾ? ನಿಮ್ಮ ಸಮಿತಿಯವರು? ವಕೀಲರು? ಮಾಡಿರ್ತಾರೆ, ನಿನಗೆ ಮರೆತುಹೋಗಿರುತ್ತೆ... ಸರಿಯಾಗಿ ನೆನಪು ಮಾಡ್ಕೋ ಅಕ್ಕ. ಯಾರೂ ಇಲ್ವಾ? ಯಾರೂ?

ಹಾಗಾದ್ರೆ... ಹಾಗಾದ್ರೆ ಏನಿಲ್ಲ, ಬಿಡು. ಏನೋ ಹಳೇ ಕಸ. ಅಳಿಸಿಬಿಡ್ತೀನಿ. ಅಳಿಸಿದೆ. ಹೋಯ್ತು.

ಬಗ್ಗಿ ನೋಡ್ಬೇಡ. ಅಕ್ಕ, ಕೈ ತೆಗಿ. ಅದು... ಓದಿಬಿಟ್ಟೆಯಾ.

ಸರಿ. ಕೂಗಾಡೋದು ಬೇಡ, ಮೇಲಿನವರಿಗೆ ಕೇಳಿಸುತ್ತೆ. ಹೌದು. ಯಾರೋ ಒಳಗೆ ಬಂದಿದಾರೆ. ಯಾರು ಅಂತ ನನಗೆ ಹೇಗೆ ಗೊತ್ತಾಗುತ್ತೆ! ಇಂಥ ಮನೆಗಳ ಮೇಲ್ ಕದ್ದು, ಹುಡುಕ್ತಾ ಇರೋ ಗಂಡಂದಿರಿಗೆ ಮಾರೋರು ಇದಾರೆ. ಅವರೇ ಇರ್ಬೇಕು. ಈಗ ಅದಲ್ಲ ಮುಖ್ಯ. ಈಚೆಗೆ ಏನೇನು ಬರೆದೆ ಹೇಳು. ಇದು ಬಿಲ್ಲು... ಇದು ಬಟ್ಟೆ ಕೊಟ್ಟವರಿಗೆ ಧನ್ಯವಾದ... ಇದು ಮುಖ್ಯೋಪಾಧ್ಯಾಯಿನಿಗೆ. ಇದು ಯಾರ ಮಕ್ಕಳ ವಿಷಯ? ಆ ಹೊಲಿಗೆ ಕೆಲಸದ ಹೆಂಗಸಿನ ಹೆಣ್ಣುಮಕ್ಕಳದ್ದಾ? ಕತ್ತರಿಯಿಂದ ಗಂಡ ಕೈಗೆ ಗಾಯ ಮಾಡಿದ್ದ, ಅವರದ್ದಾ?

'ಇಬ್ಬರನ್ನೂ ಹಿಂದಿನ ಗೇಟಿನಿಂದ ಕಳಿಸಿ. ಮುಂದೆ ಗದ್ದಲ ಇರುತ್ತದೆ. ಅಲ್ಲಿ ಯಾರೂ ಇರುವುದಿಲ್ಲ.' ನೀನು ಬರೆದಿದ್ದು. ಯಾರೂ ಇರುವುದಿಲ್ಲ ಅಂತ... ಅಯ್ಯೋ ಅಕ್ಕ.

ಮಕ್ಕಳು ಈಗ ಎಲ್ಲಿ? ಶಾಲೆಯಲ್ಲೇ? ಬಿಡೋ ಹೊತ್ತಾಯ್ತಾ? ಫೋನ್ ಮಾಡು! ಮೇಲ್ ಬೇಡ, ಫೋನ್ ಮಾಡು, ನನ್ನದು ತಗೋ! ನಂಬರ್ ಓದ್ತೀನಿ, ಒತ್ತು... ತಪ್ಪು ಒತ್ತುತಿದೀಯ, ಕೊಡು, ನಾನು ಒತ್ತುತೀನಿ. ಹೋಗ್ತಿದೆ. ಹೋಗ್ತಿದೆ. ಎತ್ತಿ ತಾಯೀ, ಎತ್ತಿ... ತಗೋ, ಮಾತಾಡು.

ನಿಧಾನ. ಗಾಬರಿ ಬೀಳಿಸ್ಬೇಡ ಅವರನ್ನ. ಹಿಂದಿನ ಗೇಟಿಗೆ ಕಳಿಸ್ಬೇಡಿ ಅನ್ನು, ಅಷ್ಟೇ ಅನ್ನು... ಏನಂತೆ? ಏನಂತೆ ಅಕ್ಕ? ಯಾರು ನಿಂತಿದಾನಂತೆ? ಬೈಕಲ್ಲಾ? ಚಿಕ್ಕಪ್ಪ ಅಂತ ಹೇಳಿದ್ನಂತಾ? ಮಕ್ಕಳು? ಮೊದಲು ಮಕ್ಕಳ ವಿಷಯ ಕೇಳು!

ಮುಖ್ಯೋಪಾಧ್ಯಾಯಿನಿ ಕೋಣೆಯಲ್ಲಿ? ಒಳಗಿಂದ ಚಿಲಕ ಹಾಕಿಕೊಂಡು? ಇಬ್ಬರೂ?

ಅಬ್ಬಾ...

ಪೊಲೀಸರು ಬರೋ ತನಕ ತೆಗೀಬಾರದು ಅನ್ನು. ಯಾರು ಬಂದು ಏನು ಹೇಳಿದ್ರೂ ತೆಗೀಬಾರದು. 'ನಾನೇ ಬರ್ತೀನಿ' ಅನ್ನು. ಹಾಂ... ಹಾಂ. ಇಡು. ಇಟ್ಟುಬಿಡು ಫೋನ್.

ಬದುಕಿದ್ವು ಅಕ್ಕ. ಬದುಕಿದ್ವು. ಇನ್ನು ಈ ಮನೆ ಖಾಲಿ ಮಾಡ್ಬೇಕು, ಇವತ್ತೇ. ವ್ಯಾನಿನವನಿಗೆ ನಾನು ಹೇಳ್ತೀನಿ, ಸಾಮಾನು ನಾನು ಹೊರ್ತೀನಿ. ಎದ್ದೇಳು. ಯಾಕೆ ಅಲ್ಲೇ ಬಟ್ಟೆ ರಾಶಿ ಮೇಲೆ ಕೂತೆ? ಏಳು... ಆ ಪಟ್ಟಿ ತುಂಡನ್ನ ಯಾಕೆ ಬೆರಳಿಗೆ ಸುತ್ಕೊಳ್ತಿದೀಯ? ಬಿಸಾಕು ಅದನ್ನ.

ಓ. ಹಾಗಾ. 'ನಾನು ಆಗಲೇ ಗುಂಡಿ ಒತ್ತಿದ್ರೆ ಹೀಗಾಗ್ತಿರಲಿಲ್ಲ' ಅಂತ ತಾನೇ ನೀನು ಅಂದ್ಕೊಳ್ತಿರೋದು?

ಏನ್ ಮಾಡೋದು, ಆಗಿದ್ದು ಆಗಿಹೋಯ್ತು. ಇನ್ಮೇಲಾದ್ರೂ ಹೊಸ ಆವೃತ್ತಿ ಸಿದ್ಧ ಅಂತ ಬಂದ ತಕ್ಷಣ ಒತ್ತು. ಎಷ್ಟು ಸಲ ಹೇಳ್ತೀನಿ ನಿನಗೆ, ಎಷ್ಟು ಸಲ... ನಾವು ಅಷ್ಟು ಕಷ್ಟಪಟ್ಟು ಮಾಡಿ ಕಳಿಸ್ತೀವಿ, ನೀವು...

ಅಳಬೇಡ ಅಕ್ಕ.

ಅಳ್ತಾ ಇಲ್ವಾ? ಮತ್ತೆ ಹಾಗೆ ಕೂತ್ರೆ ನಾನೇನು ಅಂದ್ಕೋಬೇಕು? ತಲೆ ಚಚ್ಚಿಕೊಳ್ಳಬೇಡ, ಅಕ್ಕ! ಬಿಡು, ಕೈ ಬಿಡು! ನಿನ್ನ ತಪ್ಪಲ್ಲ ಅಂತ ಹೇಳ್ತಾ ಇದೀನಲ್ಲ! ಹೇಳಲಿಲ್ವಾ? ಈಗ ಹೇಳ್ತೀನಿ. ನಿನ್ನ ತಪ್ಪಲ್ಲ.

ಸಮಾಧಾನಕ್ಕೆ ಹೇಳ್ತಿಲ್ಲ. ನಿಜವಾಗ್ಲೂ ಅಲ್ಲ.

ಹೇಗೆ ಅಂದ್ರೆ... ಬಿಡು, ಈಗ ಯಾಕೆ. ಮೊದಲು ಮಕ್ಕಳನ್ನ ಕರ್ಕೊಂಬರೋಣ. ಆಮೇಲೆ ಕೂತು ಮಾತಾಡೋಣ. ...ಹಾಗೆ ನೋಡ್ಬೇಡ ನನ್ನ. ಚಿಕ್ಕವನಿದ್ದಾಗಿಂದ ಹೀಗೇ ನೋಡ್ತೀಯ, ಒಂದು ಮಾತೂ ಆಡದೆ ಬಾಯಿ ಬಿಡಿಸ್ತೀಯ...

ತೇಪೆ ಬಂದಿದ್ದು ಸೋಮವಾರ. ಅವರು ಒಳಗೆ ಬಂದಿದ್ದು ಗುರುವಾರ. ಅದಕ್ಕೂ ಮುಂಚಿನ ಗುರುವಾರ. ದಿನಾಂಕ ಈಗ ತಾನೇ ನೋಡಿದೆ. ಆವತ್ತು ನಿನ್ನ ಪರದೆಯಲ್ಲಿ ಒತ್ತೋಕೆ ಗುಂಡಿಯೇ ಇರಲಿಲ್ಲ ಅಕ್ಕ. ನೀನು ಪಟ್ಟಿ ಅಂಟಿಸಿದ್ರೂ ಒಂದೇ, ಅಂಟಿಸದಿದ್ರೂ ಒಂದೇ.

ಹೌದು. ನಮಗೆ ಗೊತ್ತಿತ್ತು.

ಆ ಗುರುವಾರಕ್ಕೂ ಎರಡು ದಿನ ಮುಂಚೆ, ಮಂಗಳವಾರವೇ ಗೊತ್ತಿತ್ತು. ಬೇರೊಂದು ಊರಿಂದ ಒಬ್ಬರು ಬರೆದಿದ್ರು, ಹೀಗೆ ನಮ್ಮ ಮೇಲ್ ಕಳುವಾಗ್ತಿದೆ, ನೋಡಿ ಅಂತ. ಅವರು ಯಾರು ಅಂತ ಕೇಳ್ಬೇಡ... ಅವರದ್ದೂ ಇಂಥದೇ ಮನೆ. ನಿನ್ನಂಥವರೇ ಒಬ್ಬರು ನಡೆಸೋದು. ಅಲ್ಲಿ ಒಬ್ಬ ಹೆಂಗಸನ್ನ ಗಂಡ ಹುಡುಕಿಬಿಟ್ಟ. ಆಸ್ಪತ್ರೆಯಲ್ಲಿದಾಳೆ.

ಮೂರೂ ಜನ ಮಾತಾಡಿಕೊಂಡ್ವಿ. ತೇಪೆ ಸಿದ್ಧವಾಗೋ ತನಕ ಯಾರೂ ಬಾಯಿ ಬಿಡಬಾರದು. ಅದು ನಿಯಮ ಅಕ್ಕ! ನಮ್ಮದೊಂದೇ ಅಲ್ಲ, ಈ ಕೆಲಸ ಮಾಡೋ ಎಲ್ಲರೂ ಹಾಗೇ ಮಾಡೋದು. ಒಬ್ಬರಿಗೆ ಹೇಳಿದ್ರೆ ಹತ್ತು ಜನಕ್ಕೆ ಹೋಗುತ್ತೆ, ಕಳ್ಳರಿಗೆಲ್ಲ ಗೊತ್ತಾಗುತ್ತೆ, ಲಕ್ಷಾಂತರ ಜನರ ಬಾಗಿಲು ತೆರೆದಿರುತ್ತೆ, ಕೊಡೋಕೆ ನಮ್ಮ ಹತ್ರ ಬೀಗ ಇರಲ್ಲ. ಮೇಷ್ಟ್ರು ಕೇಳಿದ್ರು, 'ಮನೆಯವರಿಗೂ ಹೇಳಲ್ಲ ತಾನೇ?' ಗೂಬೆ ಒಪ್ಕೊಂಡಿತು. ನಾನೂ ಹೂಂ ಅಂದೆ. ಊಟ ನಿದ್ದೆ ಬಿಟ್ಟು ತೇಪೆ ಹಾಕಿದೆ, ಬೇಗ ಮುಗಿಸಿದ್ರೆ ಅಷ್ಟು ಬೇಗ ನಿನಗೆ ಸಿಗುತ್ತೆ ಅಂತ. ನಿನ್ನ ಮುಖವೇ ಕಣ್ಣ ಮುಂದೆ ಇತ್ತು. ಆಣೆ ಮಾಡ್ತೀನಿ ಬೇಕಾದ್ರೆ.

ಮಾರನೇ ದಿನ, ಬುಧವಾರ, ನಿನಗೆ ಫೋನ್ ಮಾಡಿದ್ದೆ. ಮಂಡಿ ನೋವು ಹೇಗಿದೆ ಅಂತ ಕೇಳಿದೆ. ನಾಲಿಗೆ ತುದಿಗೆ ಬಂದಿತ್ತು ಅಕ್ಕ. ಒಂದೇ ಮಾತು, 'ಸ್ವಲ್ಪ ದಿನ ಮೇಲ್ ಮುಟ್ಟಬೇಡ, ಕಂಪ್ಯೂಟರ್ ಆರಿಸಿಡು.' ಅಷ್ಟು ಸಾಕಿತ್ತು. ನೀನು ಯಾಕೆ ಅಂತಲೂ ಕೇಳ್ತಿರಲಿಲ್ಲ. ಅದನ್ನ ಬಿಟ್ಟು, ಮಂಡಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕು ಅಂದೆ, ಫೋನ್ ಇಟ್ಟೆ.

ಬೈ. ಎರಡು ಏಟು ಬೇಕಾದ್ರೆ ಹಾಕು. ನೀನಾಗಿದ್ರೆ ಏನ್ ಮಾಡ್ತಿದ್ದೆ ಹೇಳು? ಅಷ್ಟೂ ಜನರನ್ನ ಬಿಟ್ಟು ತಮ್ಮನಿಗೆ ಮಾತ್ರ ಹೇಳ್ತಿದ್ದೆಯಾ?... ಹೇಳ್ತಿದ್ದೆ. ಗೊತ್ತು. ತಲೆ ಆಡಿಸೋದೇ ಬೇಡ.

ಎಲ್ಲಿಗೆ ಎದ್ದೆ? ಮೇಲಕ್ಕಾ? ಆ ತಾಯಿಗೆ ಹೇಳೋಕಾ? ತಡಿ. ಬೇಡ, ನೀನು ಹೇಳ್ಬೇಡ. ನೀನು ಮಕ್ಕಳನ್ನ ಕರೆತರೋಕೆ ಹೋಗು, ಹೊತ್ತಾಗುತ್ತೆ. ನಾನು ಹೇಳ್ತೀನಿ. ಅಮ್ಮಾ, ನನಗೆ ಗೊತ್ತಿತ್ತು, ಹೇಳಲಿಲ್ಲ, ಅಂತ ನಾನೇ ಹೇಳ್ತೀನಿ. ನನ್ನ ಬಾಯಿಂದಲೇ ಕೇಳಬೇಕು ಅವರು.

ಯಾವ ಕೋಣೆ ಅಕ್ಕ? ಮೆಟ್ಟಿಲು ಹತ್ತಿದ ತಕ್ಷಣ ಇರೋದಾ? ಬೀದಿ ಕಡೆದಾ, ಹಿಂದಿನದಾ?

ಅಕ್ಕ... ಕೇಳಿಸ್ತಾ? ಯಾವ ಬಾಗಿಲು ತಟ್ಟಲಿ?

ನಾನು ಅಕ್ಕ. ನಾನು, ಪುಟ್ಟ... ನನಗೂ ಹೇಳಲ್ವಾ?

...

ಸರಿ. ಹೇಳಬೇಡ.