ಬಾಯಿ ಮುಚ್ಚಿದರೆ ಕೈ ನಡುಗುತ್ತಿತ್ತು

ವೇದಿಕೆಯ ನಡುವೆ ಕುಳಿತಿರುವ ಮಾನ್ಯ ಅಧ್ಯಕ್ಷರೇ, ಅವರ ಬಲಕ್ಕೆ ಹೂಮಾಲೆಗಳ ಭಾರಕ್ಕೆ ಕುತ್ತಿಗೆ ಬಾಗಿಸಿಕೊಂಡಿರುವ, ಇಂದು ನಿವೃತ್ತರಾಗುತ್ತಿರುವ ನಮ್ಮ ಮೆರೆಸೇನಿ ಮೇಡಂ ಅವರೇ, ಪ್ರಾಧ್ಯಾಪಕರೇ, ಸುವಾ ನಗರದ ಈ ಮಳೆಯಲ್ಲೂ ಬಂದು ಫ್ಯಾನಿನ ಕೆಳಗಿನ ಕುರ್ಚಿಗಳನ್ನೇ ಹುಡುಕಿ ಹಿಡಿದಿರುವ ಜಾಣ ಸಭಿಕರೇ, ಎಲ್ಲರಿಗೂ ನಮ್ಮ ದ್ವೀಪಗಳ ನಮಸ್ಕಾರ, ಬುಲಾ ವಿನಾಕಾ.

ನನ್ನ ಹೆಸರು ಅಪೇನಿಸಾ. ಸೂಕ್ಷ್ಮಜೀವಿ ಮತ್ತು ರೋಗನಿರೋಧ ವಿಭಾಗದ ಈ ವರ್ಷದ ವಿದ್ಯಾರ್ಥಿಗಳ ಪರವಾಗಿ ಮಾತನಾಡಲು ನನ್ನನ್ನು ಆರಿಸಿದ್ದಾರೆ. ನಾನು ಬುದ್ಧಿವಂತನೆಂದಲ್ಲ, ನನ್ನ ಗಂಟಲು ದೊಡ್ಡದೆಂದು. ಆದರೆ ಇದೇ ಗಂಟಲು ಒಮ್ಮೆ ನನ್ನನ್ನು ವಿಶ್ವವಿದ್ಯಾಲಯದಿಂದ ಮನೆಗೆ ಅಟ್ಟುವುದರಲ್ಲಿತ್ತು ಎಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ನಮ್ಮದು ಲಾವು ಕಡೆಯ ಒಂದು ಪುಟ್ಟ ದ್ವೀಪ. ನನ್ನ ತಂಗಿಗೆ ವಿಷಮಶೀತ ಜ್ವರ ಬಂದಾಗ ಅವಳ ರಕ್ತವನ್ನು ಪರೀಕ್ಷೆಗೆಂದು ಹಡಗಿನಲ್ಲಿ ಇಲ್ಲಿಗೆ ಕಳಿಸಬೇಕಾಯಿತು. ಗಾಳಿ ಎದ್ದಿತ್ತು, ಹಡಗು ತಡವಾಯಿತು, ರಕ್ತ ಬಿಸಿಲಿಗೆ ಕೆಟ್ಟಿತು. ತಂಗಿ ಗಟ್ಟಿಗಿತ್ತಿ, ಬದುಕಿಕೊಂಡಳು. ಆದರೆ ಜ್ವರದ ಹೆಸರು ತಿಳಿಯಲೆಂದು ಅಷ್ಟು ದಿನ ಸಮುದ್ರವನ್ನೇ ನೋಡುತ್ತಾ ಕೂತದ್ದನ್ನು ನಾನು ಮರೆಯಲಿಲ್ಲ. ಈ ವಿದ್ಯೆಯನ್ನು ಕಲಿತೇ ತೀರುತ್ತೇನೆಂದು ಬಂದೆ.

ಬಂದು ಏನು ಮಾಡಿದೆ? ಕೆಡಿಸಿದೆ. ಮತ್ತೆ ಏನು ಮಾಡಿದೆ? ಮತ್ತೆ ಕೆಡಿಸಿದೆ.

ನಮಗೆ ಕೊಡುತ್ತಿದ್ದ ನೀರಿನಲ್ಲಿ ಎರಡು ಬಗೆಯ ಜೀವಿಗಳು ಬೆರೆತಿರುತ್ತಿದ್ದವು. ತಂತಿಯ ಕುಣಿಕೆಯನ್ನು ಉರಿಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಆ ನೀರಿಗೆ ತಾಗಿಸಿ, ಜೀವಿಗಳನ್ನು ಬೆಳೆಸುವ ಅಗರ್ ಎಂಬ ಮೆತ್ತನೆಯ ಪಾಕದ ತಟ್ಟೆಯ ಮೇಲೆ ಹಗುರವಾಗಿ ಗೆರೆ ಎಳೆಯಬೇಕು. ಮರುದಿನ ಒಂದೊಂದು ಜೀವಿಯೂ ತನ್ನ ಬಳಗ ಕಟ್ಟಿಕೊಂಡು ದುಂಡಗೆ, ಬೇರೆ ಬೇರೆಯಾಗಿ ಕೂತಿರಬೇಕು. ಎಲ್ಲರ ತಟ್ಟೆಯಲ್ಲೂ ಹಾಗೆಯೇ ಕೂರುತ್ತಿದ್ದವು. ನನ್ನ ತಟ್ಟೆಯಲ್ಲಿ ಮಾತ್ರ ಕರೆಯದ ನೆಂಟರು! ಎಲ್ಲಿ ನೋಡಿದರೂ ಹಳದಿ ಚುಕ್ಕೆಗಳು. ಮೊದಲ ಪ್ರಾಯೋಗಿಕ ಪರೀಕ್ಷೆಯಲ್ಲಿ ನಪಾಸಾದೆ. ಇನ್ನೊಂದೇ ಅವಕಾಶ, ಅದೂ ಹೋದರೆ ಊರಿನ ಹಡಗು.

ಆಗ ನನ್ನ ಪಕ್ಕದ ಮೇಜಿನ ಶಾಲೇಶ್ನಿ ಗೌಂಡರ್ ಆ ಚುಕ್ಕೆಗಳನ್ನು ಬಹಳ ಹೊತ್ತು ನೋಡಿದಳು.

"ಬಾಯಿ ತೆಗಿ," ಅಂದಳು.

"ಯಾಕೆ?"

"ತೆಗಿಯೋ ಮಾರಾಯ, ನುಂಗಲ್ಲ ನಿನ್ನ."

ಹತ್ತಿಕಡ್ಡಿಯಿಂದ ನನ್ನ ಗಂಟಲನ್ನು ಸವರಿದಳು. ಸಭಿಕರೇ, ಅಷ್ಟು ಹತ್ತಿರದಿಂದ ನೋಡಿದಾಗ ಅವಳ ಎಡಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ ಇರುವುದು, ನಕ್ಕಾಗ ಅದು... ಕ್ಷಮಿಸಿ. ವಿಷಯಕ್ಕೆ ಬರುತ್ತೇನೆ.

ಮರುದಿನ ಅವಳು ಬೆಳೆಸಿದ ತಟ್ಟೆಯ ತುಂಬ ಅದೇ ಹಳದಿ ಚುಕ್ಕೆಗಳು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಅವೇ, ದ್ರಾಕ್ಷಿ ಗೊಂಚಲಿನಂಥವು.

"ಎಲ್ಲಾ ನಿನ್ನ ಬಾಯಿಂದ ಬಿದ್ದಿರೋವು. ಕೆಲಸ ಮಾಡ್ತಾ ನೀನು ಹಾಡ್ತೀಯ, ಗೊತ್ತಾ?"

"ನಾನಾ? ಹಾಡ್ತೀನಾ?"

"ಇಲ್ಲ, ಪಾದ್ರಿ ಸಮೇತ ಇಡೀ ಚರ್ಚು ಬಂದು ನಿಂತಿರುತ್ತೆ ಇಲ್ಲಿ!"

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಮ್ಮೂರಲ್ಲಿ ಬಲೆ ಹೊಲಿಯುವಾಗ, ಗೆಣಸು ಕೀಳುವಾಗ, ದೋಣಿ ಎಳೆಯುವಾಗ ಹಾಡದವರು ಯಾರಿದ್ದಾರೆ? ಸುಮ್ಮನಿದ್ದರೆ ಮೈ ಸರಿಯಿಲ್ಲವೇ ಎಂದು ಕೇಳುತ್ತಾರೆ. ಸರಿ, ಹಾಡು ಬಿಟ್ಟೆ. ಹಳದಿ ಚುಕ್ಕೆ ಹೋಯಿತು. ಆದರೆ ಬಾಯಿ ಮುಚ್ಚಿದ ಕೂಡಲೇ ಕೈ ನಡುಗತೊಡಗಿತು! ಕುಣಿಕೆ ಅಗರನ್ನು ಉತ್ತು ಹಾಕಿತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹಾಡಲೇ ಎಂದು ಮೇಡಂ ಅವರನ್ನು ಕೇಳಿದೆ.

"ನಾಳೆ ಆಸ್ಪತ್ರೆಲಿ ರೋಗಿ ರಕ್ತ ಮುಂದಿಟ್ಕೊಂಡು ಕಚೇರಿ ಮಾಡ್ತೀಯೇನಪ್ಪ?" ಅಂದರು.

ಮರುಪರೀಕ್ಷೆಯ ದಿನ ಬಂತು. ಕೋಣೆಯಲ್ಲಿ ಮೇಡಂ, ನಾನು, ಮತ್ತು ಸಹಾಯಕ್ಕೆಂದು ನೇಮಕಗೊಂಡ ಶಾಲೇಶ್ನಿ. ಕುಣಿಕೆ ಹಿಡಿದೆ. ಗಾಳಿಗೆ ಸಿಕ್ಕ ತೆಂಗಿನ ಗರಿಯ ಹಾಗೆ ಕೈ ಅಲ್ಲಾಡಿತು. ಕೆಳಗಿಟ್ಟೆ. ಮತ್ತೆ ಹಿಡಿದೆ. ಮತ್ತೆ ಕೆಳಗಿಟ್ಟೆ.

ಶಾಲೇಶ್ನಿಯೇ ಬಾಯಿ ಬಿಟ್ಟಳು: "ಮೇಡಂ, ಪರೀಕ್ಷೆ ನಡೆಯೋವಾಗ ಕೋಣೆಲಿ ಯಾರೂ ಹಾಡಬಾರದು ಅಂತ ನಿಯಮ ಇದೆಯಾ?"

ಮೇಡಂ ಯೋಚಿಸಿದರು. "ತಟ್ಟೆ ಮೇಲೆ ಬಾಯಿ ಇರಬಾರದು ಅಂತಿದೆ."

ಎಂದವರೇ ಎದ್ದು, ದೂರದ ಬಾಗಿಲ ಬಳಿ ಹೋಗಿ, ನಮಗೆ ಬೆನ್ನು ಹಾಕಿ ನಿಂತು, ಭಾನುವಾರ ಚರ್ಚಿನಲ್ಲಿ ಹಾಡುವ ಒಂದು ಭಜನೆಯನ್ನು ಎತ್ತಿಕೊಂಡರು.

ಮೇಡಂ, ಇಂದು ತಮ್ಮ ಸನ್ಮಾನ. ಆದರೂ ಸತ್ಯ ಹೇಳಬೇಕು. ಅಂಥ ಶ್ರುತಿಗೆಟ್ಟ ಹಾಡನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ! ಏರಬೇಕಾದಲ್ಲಿ ಇಳಿಯುತ್ತಿದ್ದರು, ಇಳಿಯಬೇಕಾದಲ್ಲಿ ನಿಲ್ಲುತ್ತಿದ್ದರು. ನನ್ನೊಳಗಿನ ಹಾಡುಗಾರನಿಗೆ ತಡೆಯಲಾಗಲಿಲ್ಲ. ತುಟಿ ಬಿಗಿಹಿಡಿದು, ಮನಸ್ಸಿನೊಳಗೇ ಅವರ ಒಂದೊಂದು ಸಾಲನ್ನೂ ತಿದ್ದುತ್ತಾ ಹೋದೆ. ತಿದ್ದುವ ಗಡಿಬಿಡಿಯಲ್ಲಿ ನಡುಗುವುದನ್ನೇ ಮರೆತೆ. ಹಾಡು ಮುಗಿದಾಗ ನೋಡುತ್ತೇನೆ, ತಟ್ಟೆಯ ಮೇಲೆ ನಾಲ್ಕು ಕಡೆಗೂ ಗೆರೆಗಳು, ಬಾಚಣಿಗೆಯಿಂದ ಬಾಚಿದ ಹಾಗೆ.

ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದೆವು. ದುಂಡಗಿನ, ಬಿಡಿಬಿಡಿಯಾದ, ಮಿರಮಿರನೆ ಮಿಂಚುವ ಚುಕ್ಕೆಗಳು. ಒಂದೂ ಹಳದಿಯಿಲ್ಲ. ಒಂದು ಚುಕ್ಕೆಯನ್ನು ಎತ್ತಿ ಗಾಜಿನ ಮೇಲಿಟ್ಟು, ಅದನ್ನು ಗುರುತು ಹಿಡಿಯುವ ಪ್ರತಿಕಾಯಗಳಿದ್ದ ಹನಿಯನ್ನು ಬೆರೆಸಿ, ಮೆಲ್ಲಗೆ ಓಲಾಡಿಸಿದೆ. ತೆಂಗಿನ ಹಾಲು ಒಡೆದಂತೆ ಹನಿಯೆಲ್ಲ ಹರಳುಗಟ್ಟಿತು. ಹೆಸರು ಸಿಕ್ಕಿತು! ಅಡುಗೆಮನೆಯಲ್ಲಿ ಹಾಲು ಒಡೆದರೆ ಬೈಗುಳ. ಇಲ್ಲಿ ಮೇಡಂ ನನ್ನ ಬೆನ್ನು ತಟ್ಟಿದರು. "ಪಾಸ್ ಕಣಯ್ಯ. ಆದರೆ ನನ್ನ ಹಾಡಿನ ಸುದ್ದಿ ಹೊರಗೆ ಹೋಗಬಾರದು," ಅಂದರು. ಮೇಡಂ, ಇಲ್ಲಿರುವುದು ಮುನ್ನೂರು ಜನ ಮಾತ್ರ. ಮಾತು ಹೊರಗೆ ಹೋಗದು.

ಆಮೇಲೆ ನನಗೆ ಯಾರೂ ಹಾಡಬೇಕಾಗಲಿಲ್ಲ. ಈಗ ರಾಗ ಒಳಗೇ ಓಡುತ್ತದೆ, ಬಾಯಿ ಮುಚ್ಚಿರುತ್ತದೆ, ಕೈ ಅಲ್ಲಾಡದೆ ನಿಂತಿರುತ್ತದೆ. ಕಲಿಸುವುದು ಎಂದರೆ ಏನು? ಗೊತ್ತಿರುವುದನ್ನು ಕೊಡುವವರು ಬಹಳ ಮಂದಿ. ತಮಗೆ ಬಾರದ್ದನ್ನೂ ಶಿಷ್ಯನಿಗಾಗಿ ನಾಚದೆ ಮಾಡುವವರು ಎಷ್ಟು ಮಂದಿ?

ಕೊನೆಯ ಮಾತು. ನಮ್ಮ ದ್ವೀಪದಲ್ಲಿ ಹೊಸ ಪ್ರಯೋಗಾಲಯ ತೆರೆಯುತ್ತಿದೆ. ಶುಕ್ರವಾರದ ಹಡಗಿಗೆ ಹೊರಡುತ್ತಿದ್ದೇನೆ. ಅಲ್ಲಿ ಇಬ್ಬರಿಗೆ ಕೆಲಸವಿದೆ. ಎರಡನೆಯ ಹುದ್ದೆಗೆ ಶಾಲೇಶ್ನಿಯನ್ನು ಆರಿಸಿದ್ದಾರೆ. ಇದನ್ನು ಮನೆಯಲ್ಲಿ ಹೇಳಿದ್ದೀಯಾ ಎಂದು ಅವಳನ್ನು ಕೇಳಲು ಮರೆತಿದ್ದೆ. ಈಗ ಅವಳು ತಲೆ ಚಚ್ಚಿಕೊಳ್ಳುವುದನ್ನು ನೋಡಿದರೆ ಹೇಳಿಲ್ಲವೆಂದು ಕಾಣುತ್ತದೆ. ಮೂರನೆಯ ಸಾಲಿನಲ್ಲಿ ಅವಳ ತಂದೆ ಕೂತಿದ್ದಾರೆ. ಗೌಂಡರ್ ಅಂಕಲ್, ನಾನು ಒಳ್ಳೆಯ ಹುಡುಗ. ಚೆನ್ನಾಗಿ ಮೀನು ಹಿಡಿಯುತ್ತೇನೆ. ನಿಮ್ಮ ಮನೆಯ ಹುಳಿಸಾರನ್ನು ಮೂರು ಸಲ ಹಾಕಿಸಿಕೊಂಡಿದ್ದೇನೆ.

ಅಂಕಲ್ ತಲೆಯಾಡಿಸುತ್ತಿದ್ದಾರೆ. ಅಡ್ಡಕ್ಕೋ ಉದ್ದಕ್ಕೋ, ಈ ದೀಪಗಳ ಬೆಳಕಿನಲ್ಲಿ ನನಗೆ ಕಾಣುತ್ತಿಲ್ಲ. ಆದ್ದರಿಂದ, ಇಷ್ಟು ಹೊತ್ತು ಸಹಿಸಿಕೊಂಡ ತಮಗೆಲ್ಲ ವಂದಿಸಿ, ಬೇಗ ಕೆಳಗಿಳಿದು ಹತ್ತಿರದಿಂದ ನೋಡಿ ಬರುತ್ತೇನೆ.

ವಿನಾಕಾ. ನಮಸ್ಕಾರ.