ಹಗ್ಗದ ಇನ್ನರ್ಧ

ಅಲ್ಲ ಭಾಗ್ಯ, ಅದನ್ನ ಯಾಕೆ ನನ್ನ ಮಡಿಲಿಗೆ ಹಾಕ್ತೀಯ... ನೀನೇ ಇಟ್ಕೋ. ನಿಮ್ಮಣ್ಣ ಚಲಪತಿ ಸೊಂಟದಲ್ಲಿ ಐವತ್ತು ವರ್ಷ ಇದ್ದ ಹಗ್ಗ. ಮಂಜು ಕರಗಿ ಅವನ ಹೆಣ ಸಿಕ್ತು, ನಿನ್ನ ಮಗ ಅಮರ್ ಹೋಗಿ ಅಲ್ಲೇ ಮಣ್ಣು ಮಾಡಿ ಬಂದ. ನಿನ್ನ ಪುಣ್ಯ. ನಮ್ಮ ಯಜಮಾನರು ಇನ್ನೂ ಅಲ್ಲೇ ಎಲ್ಲೋ ಇದ್ದಾರೆ.

ಏನ್ ನೋಡ್ತೀಯ ಹಂಗೆ? ಕೂತ್ಕೊಳ್ಳೇ.

ದೊಡ್ಡಬಳ್ಳಾಪುರದಿಂದ ಹಿಮಾಲಯ ಹತ್ತೋಕೆ ಹೋದೋರು ಅವರಿಬ್ಬರೇ ಮೊದಲು. ನೈಲಾನ್ ಹಗ್ಗ ಎಲ್ಲಿ ಸಿಗ್ತಿತ್ತು ಆಗ? ನಮ್ಮ ಮಗ್ಗದ ಮನೇಲೇ ರೇಷ್ಮೆ ಹಗ್ಗ ಹೊಸೆದುಕೊಡು ಅಂದರು ಯಜಮಾನರು. ಧರ್ಮಾವರದಿಂದ ಬಂದ ಸೊಸೆ ನಾನು, ನೂಲು ಹುರಿ ಮಾಡೋದ್ರಲ್ಲಿ ನನ್ನನ್ನ ಮೀರಿಸೋರಿರಲಿಲ್ಲ. 'ಅಮ್ಮಯಮ್ಮಕ್ಕ, ಇದಕ್ಕೆ ಆನೇನೇ ಕಟ್ಟಬಹುದು' ಅಂತ ರೇಗಿಸ್ತಿದ್ದ ನಿಮ್ಮಣ್ಣ.

ನಗ್ಲಿಲ್ಲ ನೀನು.

ಹುಡುಕೋಕೆ ಹೋದೋರಿಗೆ ಅವತ್ತು ಸಿಕ್ಕಿದ್ದು ಅರ್ಧ ಹಗ್ಗ, ಅಷ್ಟೆ; ಅದನ್ನೂ ಅಲ್ಲೇ ಬಿಟ್ಟು ಬಂದ್ರು. ಆಗ ನಾನು ಅಂದಿದ್ದು ನಿಜ. ರೇಷ್ಮೆ ಹರಿಯಲ್ಲ, ಚಲಪತಿನೇ ಜೀವ ಉಳಿಸ್ಕೊಳ್ಳೋಕೆ ಕೊಯ್ದಿರ್ತಾನೆ ಅಂತ. ಗಂಡನ್ನ ಕಳ್ಕೊಂಡೋಳ ಬಾಯಿ ಕಣೇ. ಆಮೇಲೆ ನಿಮ್ಮಮ್ಮ ಬೀದೀಲಿ ತಲೆ ಎತ್ತಲಿಲ್ಲ... ಗೊತ್ತು. ಅದನ್ನ ಕೇಳೋಕೆ ಬಂದ್ಯಾ?

ಹೂಂ, ನೋಡ್ದೆ. ತುದಿ ಕೊಯ್ದಂಗಿಲ್ಲ, ಎಳೆ ಎಳೆ ಬಿಟ್ಕೊಂಡಿದೆ. ಕಲ್ಲಿಗೆ ಉಜ್ಜಿರಬೇಕು. ಸರಿ, ಚಲಪತಿ ಕೊಯ್ಲಿಲ್ಲ. ಹತ್ತು ಜನರ ಮುಂದೆ ಬೇಕಾದ್ರೂ ಹೇಳ್ತೀನಿ. ಆಯ್ತಲ್ಲ, ಕಾಫಿ ಕುಡಿ.

ಏನ್ ಹುಡುಕ್ತಿದ್ದೀಯ? ಬೆಂಕಿಪೊಟ್ಟಣನಾ... ಸ್ಟೌ ಪಕ್ಕ ಇದೆ. ಎಳೆ ಯಾಕೆ ಕೀಳ್ತೀಯ? ಬೇಡ ಭಾಗ್ಯ. ಹಳೇದು, ಮಂಜಲ್ಲಿ ನೆಂದಿದ್ದು, ಈಗ ಸುಟ್ಟರೆ ಏನ್ ಗೊತ್ತಾಗುತ್ತೆ...

ಬೇಡ ಅಂದೆ.

ನನ್ನ ಮೂಗಿಗೆ ಹಿಡೀಬೇಡ. ನೀನೂ ಮಗ್ಗದ ಮನೆಯೋಳೇ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತೆ. ಇದು ಕಾಗದ ಸುಟ್ಟ ವಾಸನೆ. ಆರ್ಟ್ ಸಿಲ್ಕು, ನಕಲಿ ರೇಷ್ಮೆ.

ಬೈಯೇ. ಬೈದುಬಿಡು.

ಯಜಮಾನರು ತಂದುಕೊಟ್ಟ ರೇಷ್ಮೇಲಿ ನನ್ನ ತಂಗಿ ಮದುವೆಗೆ ಸೀರೆ ನೇಯ್ದೆ, ಹಗ್ಗಕ್ಕೆ ಆರ್ಟ್ ಸಿಲ್ಕು ಹೊಸೆದೆ. ಎರಡಕ್ಕೂ ಹೊಳಪು ಒಂದೇ, ಯಾರಿಗೆ ತಿಳಿಯುತ್ತೆ ಅಂದ್ಕೊಂಡೆ. ಒಣಗಿರೋವಾಗ ಗಟ್ಟಿನೇ. ನಂದಿಬೆಟ್ಟದಲ್ಲಿ ಕಟ್ಕೊಂಡು ಇಳಿದು ನೋಡಿದ್ರು, ಏನೂ ಆಗ್ಲಿಲ್ಲ. ನೆಂದರೆ ಹರಿಯುತ್ತೆ ಅಂತ ಗೊತ್ತಿತ್ತು, ಆದ್ರೆ ಮಂಜೂ ನೀರೇ ಅಂತ ನಂಗೆ ಹೊಳೀಲೇ ಇಲ್ಲ ಕಣೇ...

ಹಂಗೆ ನೋಡ್ಬೇಡ.

...ಹೊಳೀತು. ಅವರ ರೈಲು ಹೊರಡೋಕೆ ಮುಂಚೆನೇ ಹೊಳೀತು. ನೀನು ನಿಮ್ಮಣ್ಣನ ಕೈ ಬಿಡದೆ ಅಳ್ತಿದ್ದೆ. ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ.